ಹಳೆ ಕಂಪ್ಯೂಟರಿಗೆ ಯಾವ ಪಪ್ಪಿ? ಆವೃತ್ತಿ ಆರಿಸುವ, ಹಾಕುವ, ಉಳಿಸಿಕೊಳ್ಳುವ ಬಗೆ

ಶಿರಸಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹಳೆ ಲ್ಯಾಪ್‌ಟಾಪ್ ಹಿಡಿದು ಬರುವವರಲ್ಲಿ ಕೆಲವರು ಈಗ ಹೆಸರು ತಿಳಿದುಕೊಂಡೇ ಬರುತ್ತಾರೆ. ‘ಪಪ್ಪಿ ಲಿನಕ್ಸ್ ಹಾಕಿಕೊಡಿ, ಲೇಟೆಸ್ಟೇ ಇರಲಿ’ ಅನ್ನುತ್ತಾರೆ. ಪಪ್ಪಿ ಅಂದರೆ ವಿಂಡೋಸ್ ಬದಲು ಅಥವಾ ಅದರ ಜೊತೆಗೆ ಹಾಕಿಕೊಳ್ಳುವ, ಹಳೆ ಮಷಿನ್‌ನಲ್ಲೂ ಓಡುವ ಪುಟ್ಟ ಲಿನಕ್ಸ್. ನಾನು ಮೊದಲು ಕೇಳುವುದು ಮಷಿನ್ ಯಾವ ವರ್ಷದ್ದು ಅಂತ. ಪಪ್ಪಿಯಲ್ಲಿ ಲೇಟೆಸ್ಟ್ ಅನ್ನುವುದಕ್ಕಿಂತ ನಿಮ್ಮ ಮಷಿನ್‌ಗೆ ಹೊಂದುವುದು ಯಾವುದು ಅನ್ನುವುದು ಮುಖ್ಯ. ಅದನ್ನು ಆರಿಸಬೇಕಾದರೆ ಈ ಪಪ್ಪಿ ಎಲ್ಲಿಂದ ಎಲ್ಲಿಗೆ ಬಂತು ಅಂತ ಸ್ವಲ್ಪ ಗೊತ್ತಿರಬೇಕು. ಅದಕ್ಕೇ ಆವೃತ್ತಿಗಳ ಕಥೆ, ಹಾಕುವ ಕ್ರಮ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಬದಲಾಗದೆ ಉಳಿದದ್ದು

ಪಪ್ಪಿಯನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಬ್ಯಾರಿ ಕೌಲರ್. ಮೊದಲ ಬಿಡುಗಡೆ 2003ರ ಜೂನ್‌ನಲ್ಲಿ. ಅವರ ಮನೆಯ ಚಿವಾವಾ ನಾಯಿಯೇ ಇದರ ಗುರುತು. ಆಗಿನಿಂದ ಇವತ್ತಿನವರೆಗೆ ಹೆಸರಿನ ಮುಂದಿನ ಅಂಕಿ ಬದಲಾಗಿದೆ, ಸಿಸ್ಟಮ್‌ನ ತಿರುಳಾದ ಕರ್ನಲ್ ಬದಲಾಗಿದೆ, ಒಳಗಿನ ಪ್ಯಾಕೇಜುಗಳು ಎಲ್ಲಿಂದ ಬರುತ್ತವೆ ಅನ್ನುವುದೂ ಬದಲಾಗಿದೆ. ಆದರೆ ಓಡುವ ರೀತಿ ಬದಲಾಗಿಲ್ಲ.

ಆ ರೀತಿ ಹೀಗಿದೆ. ಇಡೀ ಸಿಸ್ಟಮ್ ಒಂದು ಒತ್ತಿ ಕುಗ್ಗಿಸಿದ ಫೈಲ್‌ನಲ್ಲಿರುತ್ತದೆ. ಅದರ ಹೆಸರಿನ ಕೊನೆಯಲ್ಲಿ ‘ಎಸ್‌ಎಫ್‌ಎಸ್’ ಅಂತ ಇರುತ್ತದೆ. ಬೂಟ್ ಆಗುವಾಗ ಜಾಗ ಸಾಕಿದ್ದರೆ ಅದು ಪೂರ್ತಿ ರ‍್ಯಾಮ್‌ಗೆ ಬಂದು ಕೂರುತ್ತದೆ. ಹಳೆ ಹಾರ್ಡ್‌ಡಿಸ್ಕ್ ಎಷ್ಟೇ ನಿಧಾನವಿರಲಿ, ಆಮೇಲೆ ಅದರ ಹಂಗಿಲ್ಲ. ಕ್ಲಿಕ್ ಮಾಡಿದ ಕೂಡಲೇ ಪ್ರೋಗ್ರಾಂ ತೆರೆಯುವುದು ಇದರಿಂದಲೇ. ಆ ಫೈಲನ್ನು ಓದಬಹುದು, ತಿದ್ದಲಾಗದು. ನೀವು ಮಾಡುವ ಬದಲಾವಣೆಗಳೆಲ್ಲ ಬೇರೆಯೇ ಒಂದು ಸೇವ್ ಫೈಲ್‌ಗೆ ಹೋಗುತ್ತವೆ. ಅಚ್ಚಾದ ಪುಟದ ಮೇಲೆ ಗಾಜಿನಂಥ ಹಾಳೆ ಇಟ್ಟು ಅದರ ಮೇಲೆ ಬರೆದ ಹಾಗೆ. ನೋಡುವವರಿಗೆ ಎರಡೂ ಒಂದೇ ಪುಟವಾಗಿ ಕಾಣುತ್ತದೆ. ಮೇಲಿನ ಹಾಳೆ ತೆಗೆದರೆ ಅಚ್ಚಿನ ಪುಟ ಹೇಗಿತ್ತೋ ಹಾಗೇ ಇರುತ್ತದೆ.

ಇದೊಂದು ತಿಳಿದರೆ ಪಪ್ಪಿಯಲ್ಲಿ ಅರ್ಧ ಕೆಲಸ ಮುಗಿಯಿತು. ಏನೋ ಕೆಟ್ಟಿತು ಅಂದುಕೊಳ್ಳಿ. ಸೇವ್ ಫೈಲ್ ಇಲ್ಲದೆ ಬೂಟ್ ಮಾಡಿ ನೋಡಿ. ಆಗ ಸರಿ ಓಡಿದರೆ ತೊಂದರೆ ಮೇಲಿನ ಹಾಳೆಯಲ್ಲಿದೆ. ಆಗಲೂ ಕೈಕೊಟ್ಟರೆ ಮಷಿನ್‌ನಲ್ಲೇ ಏನೋ ಇದೆ, ರ‍್ಯಾಮ್ ಕಡ್ಡಿ ತೆಗೆದು ಒರೆಸಿ ಹಾಕಿ.

ಆವೃತ್ತಿಗಳ ದಾರಿ

1 ಮತ್ತು 2ನೇ ಸಾಲಿನ ಪಪ್ಪಿಗಳು, ಅಂದರೆ 2005–06ರ ಕಾಲದವು, ಈಗ ಯಾರಿಗೂ ಬೇಡ. ಸಿ.ಡಿ.ಯಿಂದ ಓಡಿ, ನಮ್ಮ ಕೆಲಸವನ್ನು ಅದೇ ಸಿ.ಡಿ.ಗೆ ಮತ್ತೆ ಬರೆಯುವ ಅನುಕೂಲ ಆಗಲೇ ಇತ್ತು ಅನ್ನುವುದು ದೊಡ್ಡ ವಿಷಯ. 2007ರ ಅಕ್ಟೋಬರ್‌ನಲ್ಲಿ ಬಂದ 3.0 ಸ್ಲ್ಯಾಕ್‌ವೇರ್ ಎಂಬ ಇನ್ನೊಂದು ಲಿನಕ್ಸ್‌ನ 12ನೇ ಆವೃತ್ತಿಯ ಪ್ಯಾಕೇಜುಗಳನ್ನು ಬಳಸಿಕೊಳ್ಳುವಂತಿತ್ತು. 2008ರ ಮೇ ತಿಂಗಳ 4.0 ಎಲ್ಲವನ್ನೂ ಹೊಸದಾಗಿ ಕಂಪೈಲ್ ಮಾಡಿ ಕಟ್ಟಿದ್ದು. ಇಡೀ ಸಿಸ್ಟಮ್, ಬರೆಯುವ, ಲೆಕ್ಕದ, ಚಿತ್ರದ, ಹಾಡಿನ ಪ್ರೋಗ್ರಾಮುಗಳೆಲ್ಲ ಸೇರಿ ಸುಮಾರು 90 ಎಂಬಿ. ಇವತ್ತು ಫೋನಿನ ಒಂದು ಆ್ಯಪ್ ಅದಕ್ಕಿಂತ ಜಾಸ್ತಿ ತೂಗುತ್ತದೆ. ಆ ಕಟ್ಟುವಿಕೆಯ ಅಚ್ಚುಕಟ್ಟನ್ನು ನಾನು ಈಗಲೂ ಮೆಚ್ಚುತ್ತೇನೆ.

ನಿಜವಾದ ತಿರುವು ಬಂದದ್ದು 5ರಲ್ಲಿ. ಕೌಲರ್ ‘ವೂಫ್’ ಎಂಬ ಕಟ್ಟುವ ಸಾಧನ ಮಾಡಿದರು. ಉಬುಂಟು, ಸ್ಲ್ಯಾಕ್‌ವೇರ್, ಡೆಬಿಯನ್ ಥರದ ದೊಡ್ಡ ಲಿನಕ್ಸ್‌ಗಳಲ್ಲಿ ಯಾವುದರದ್ದೇ ತಯಾರಾದ ಪ್ಯಾಕೇಜುಗಳನ್ನು ತೆಗೆದುಕೊಂಡು, ಚಿಕ್ಕದಾಗಿ ಕತ್ತರಿಸಿ, ಪಪ್ಪಿಯಾಗಿ ಜೋಡಿಸುವುದು ಅದರ ಕೆಲಸ. 2010ರ ಮೇ ತಿಂಗಳಲ್ಲಿ ಬಂದ ಲೂಸಿಡ್ ಪಪ್ಪಿ ಉಬುಂಟು 10.04ರ ಪ್ಯಾಕೇಜುಗಳಿಂದ ಆದದ್ದು. ಅಲ್ಲಿಂದ ಪಪ್ಪಿ ಒಂದೇ ಆಗಿ ಉಳಿಯಲಿಲ್ಲ, ಒಂದು ಕುಟುಂಬವಾಯಿತು. ಸ್ಲ್ಯಾಕ್‌ವೇರ್‌ನಿಂದ ಸ್ಲ್ಯಾಕೋ. ತೀರ ಹಳೆ ಮಷಿನ್‌ಗಳಿಗೆ ಅಂತಲೇ ವೇರಿ. ಉಬುಂಟು 12.04ರಿಂದ ಪ್ರಿಸೈಸ್, 14.04ರಿಂದ ಟಾರ್‌ಪಪ್, 16.04ರಿಂದ ಝೀನಿಯಲ್‌ಪಪ್, 18.04ರಿಂದ ಬಯೋನಿಕ್‌ಪಪ್, 20.04ರಿಂದ ಫೊಸಾಪಪ್.

2013ರ ಹೊತ್ತಿಗೆ ಕೌಲರ್ ಮುಂದಾಳತ್ವ ಬಿಟ್ಟರು. ವೂಫ್ ಸಮುದಾಯದ ಕೈಗೆ ಬಂತು. ಕೌಲರ್ ಆಮೇಲೆ ಈಸಿಓಎಸ್ ಅಂತ ಬೇರೆಯದನ್ನು ಕಟ್ಟಿದರು. ಒಬ್ಬರ ಮೇಜಿನ ಮೇಲೆ ಹುಟ್ಟಿದ ಎಷ್ಟೋ ಸಣ್ಣ ಲಿನಕ್ಸ್‌ಗಳು ಆ ಒಬ್ಬರು ಎದ್ದುಹೋದ ಮೇಲೆ ನಿಂತೇಹೋಗಿವೆ. ಪಪ್ಪಿ ನಿಲ್ಲಲಿಲ್ಲ. ಕಟ್ಟುವ ಸಾಧನವನ್ನೇ ಬಿಟ್ಟುಕೊಟ್ಟದ್ದರಿಂದ ಬೇರೆಯವರು ಮುಂದುವರಿಸಲು ಆಯಿತು.

ಈ ದಾರಿಯಲ್ಲಿ ಪಪ್ಪಿ ದಪ್ಪವೂ ಆಯಿತು. ಲೂಸಿಡ್ 130 ಎಂಬಿ ಆಸುಪಾಸು ಇತ್ತು. 2020ರ ಫೊಸಾಪಪ್ 400 ಎಂಬಿ ದಾಟಿತು. ‘ಹಗುರ ಅಂತಾರೆ, ಇದೇನು ಇಷ್ಟು?’ ಅಂತ ಕೇಳುತ್ತಾರೆ. ಇದಕ್ಕೆ ಕಟ್ಟಿದವರ ಸೋಮಾರಿತನ ಕಾರಣವಲ್ಲ. ಹೊಸ ವೈಫೈ ಚಿಪ್‌ಗಳ ಫರ್ಮ್‌ವೇರ್ ಬೇಕು, ಹೊಸ ಕರ್ನಲ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹೊಸ ಬ್ರೌಸರ್ ಬೇಕು.

ಬ್ರೌಸರ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳೆ ಕಂಪ್ಯೂಟರಿನ ಆಯುಷ್ಯ ನಿರ್ಧಾರವಾಗುವುದು ಅಲ್ಲೇ. ಲಿನಕ್ಸ್‌ನ 32-ಬಿಟ್ ಕ್ರೋಮ್ 2016ರಲ್ಲೇ ನಿಂತಿತು. ಫೈರ್‌ಫಾಕ್ಸ್ 2025ರಲ್ಲಿ 144ನೇ ಆವೃತ್ತಿಯ ನಂತರ 32-ಬಿಟ್ ಲಿನಕ್ಸ್ ಬಿಟ್ಟಿತು. ಅದರ ದೀರ್ಘಾವಧಿಯ 140ಕ್ಕೆ ಮಾತ್ರ ಕನಿಷ್ಠ 2026ರ ಸೆಪ್ಟೆಂಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಹೇಳಿದ್ದಾರೆ. ಪೆಂಟಿಯಂ 3, ಅಥ್ಲಾನ್ ಎಕ್ಸ್‌ಪಿ ಥರದ ಪ್ರೊಸೆಸರ್‌ಗಳಲ್ಲಿ ಎಸ್‌ಎಸ್‌ಇ2 ಅನ್ನುವ ಸೌಲಭ್ಯವೇ ಇಲ್ಲ. ಇವತ್ತಿನ ಫೈರ್‌ಫಾಕ್ಸ್ ಅವುಗಳಲ್ಲಿ ಏಳುವುದೂ ಇಲ್ಲ. ಲೂಸಿಡ್ ಪಪ್ಪಿ ಹಾಕಿದರೆ ಆ ಮಷಿನ್ ಹಕ್ಕಿ ಹಾರಿದ ಹಾಗೆ ಓಡುತ್ತದೆ ನಿಜ, ಆದರೆ ಅದರ ಹಳೆ ಬ್ರೌಸರ್‌ನಲ್ಲಿ ಇವತ್ತಿನ ಬಹುತೇಕ ಸೈಟುಗಳು ತೆರೆಯುವುದಿಲ್ಲ.

ಹಾಗಾದರೆ ಯಾವುದು?

ನಾನು ಆರಿಸುವ ಕ್ರಮ ಸರಳ. ಮೊದಲು ಪ್ರೊಸೆಸರ್ ಹೆಸರು ಬರೆದುಕೊಳ್ಳಿ. ವಿಂಡೋಸ್ ಇನ್ನೂ ಏಳುತ್ತಿದ್ದರೆ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ನೋಡಿ. ಏಳದಿದ್ದರೆ ಬಯೋಸ್‌ನಲ್ಲಿ ಸಿಗುತ್ತದೆ.

64-ಬಿಟ್ ಪ್ರೊಸೆಸರ್, 2 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇದ್ದರೆ ಯೋಚನೆ ಬೇಡ. ಡೆಬಿಯನ್ 12ರಿಂದ ಕಟ್ಟಿದ ಬುಕ್‌ವರ್ಮ್‌ಪಪ್64 ಹಾಕಿ. ಇದರಲ್ಲಿ ಪ್ರೋಗ್ರಾಂ ಹುಡುಕಿ ಹಾಕುವ ಡೆಬಿಯನ್ನಿನ ಸಾಧನಗಳಾದ ಆಪ್ಟ್ ಮತ್ತು ಸಿನಾಪ್ಟಿಕ್ ಎರಡೂ ಇವೆ. ಹಿಂದಿನ ಪಪ್ಪಿಗಳಲ್ಲಿದ್ದ ಪಪ್ಪಿ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಒಂದು ಪ್ರೋಗ್ರಾಂ ಹಾಕಿದರೆ ಅದಕ್ಕೆ ಬೇಕಾದ ಇನ್ನೊಂದು ಸಿಗದೆ ಒದ್ದಾಡುವುದು ಸಾಮಾನ್ಯವಾಗಿತ್ತು. ಆ ತಲೆನೋವು ಇಲ್ಲಿ ಬಹಳ ಕಮ್ಮಿ. ನನ್ನ ಮಟ್ಟಿಗೆ 5ರ ನಂತರದ ಅತಿ ದೊಡ್ಡ ಸುಧಾರಣೆ ಇದೇ.

32-ಬಿಟ್ ಮಾತ್ರ ಓಡುವ ಪ್ರೊಸೆಸರ್ ಆದರೆ ಬುಕ್‌ವರ್ಮ್‌ಪಪ್32. 2008ರ ಸುಮಾರಿಗೆ ಬಂದ ಚಿಕ್ಕ ನೆಟ್‌ಬುಕ್‌ಗಳಲ್ಲಿ ಇಂಟೆಲ್ ಆಟಮ್ ಎನ್270 ಇರುತ್ತಿತ್ತಲ್ಲ, ಅದು ಈ ಗುಂಪು. ಡೆಬಿಯನ್ 2025ರ ಆಗಸ್ಟ್‌ನಲ್ಲಿ ತಂದ 13ರಲ್ಲಿ 32-ಬಿಟ್ ಪಿಸಿಗಳ ಕರ್ನಲ್ಲನ್ನೂ ಇನ್‌ಸ್ಟಾಲರನ್ನೂ ಕೈಬಿಟ್ಟಿತು. ಅಂದರೆ ಡೆಬಿಯನ್ ಕಡೆಯಿಂದ ಈ ಮಷಿನ್‌ಗಳಿಗೆ 12ನೇದೇ ಕೊನೆಯದು. ಸ್ಲ್ಯಾಕ್‌ವೇರ್ 15ರಿಂದ ಕಟ್ಟಿದ ಎಸ್15ಪಪ್ ಕೂಡ 32-ಬಿಟ್‌ನಲ್ಲಿ ಸಿಗುತ್ತದೆ. ಒಂದು ಹೊಂದದಿದ್ದರೆ ಇನ್ನೊಂದನ್ನು ನೋಡಿ.

ಮೂರನೇ ಗುಂಪು ಸೆಂಟ್ರಿನೋ ಸ್ಟಿಕ್ಕರ್ ಅಂಟಿಸಿದ ಮೊದಮೊದಲ ಲ್ಯಾಪ್‌ಟಾಪ್‌ಗಳು. ಅವುಗಳ ಪೆಂಟಿಯಂ ಎಂ ಪ್ರೊಸೆಸರ್‌ಗಳಲ್ಲಿ ಕೆಲವು ‘ಪಿಎಇ ನನ್ನಲ್ಲಿಲ್ಲ’ ಅಂತಲೇ ಹೇಳುತ್ತವೆ. ಪಿಎಇ ಅಂದರೆ 32-ಬಿಟ್ ಪ್ರೊಸೆಸರ್ ಹೆಚ್ಚು ಮೆಮೊರಿ ಬಳಸಲು ಬೇಕಾದ ಸೌಲಭ್ಯ. ಆಗ ಹೊಸ ಕರ್ನಲ್ ಬೂಟ್ ಆಗುವಾಗಲೇ ಪಿಎಇ ಬಗ್ಗೆ ಒಂದು ಸಾಲು ತೋರಿಸಿ ನಿಂತುಬಿಡುತ್ತದೆ. ಪೆನ್‌ಡ್ರೈವ್ ಸರಿಯಿಲ್ಲ ಅಂದುಕೊಂಡು ಮತ್ತೆ ಮತ್ತೆ ಬರೆಯಬೇಡಿ. ಟಾರ್‌ಪಪ್‌ನಲ್ಲೂ ಸ್ಲ್ಯಾಕೋದಲ್ಲೂ ‘ನೋಪಿಎಇ’ ಅಂತ ಬೇರೆ ಐಎಸ್‌ಒ (ಇಳಿಸಿಕೊಂಡು ಪೆನ್‌ಡ್ರೈವ್‌ಗೋ ಸಿ.ಡಿ.ಗೋ ಬರೆಯುವ ಫೈಲ್) ಇದೆ, ಅದನ್ನೇ ತೆಗೆದುಕೊಳ್ಳಿ. ಇಂಥ ಮಷಿನ್ ಇಂಟರ್ನೆಟ್‌ಗಲ್ಲ. ಟೈಪಿಂಗ್ ಕಲಿಯಲು, ಲೆಕ್ಕ ಬರೆಯಲು, ಹಾಡು ಕೇಳಲು ಇಟ್ಟುಕೊಳ್ಳಿ. ಬ್ಯಾಂಕಿನ ಕೆಲಸ ಇದರಲ್ಲಿ ಬೇಡವೇ ಬೇಡ. ಉಬುಂಟು 14.04ರ ಪ್ಯಾಕೇಜುಗಳಿಗೆ ಎಲ್ಲರಿಗೂ ಸಿಗುತ್ತಿದ್ದ ಭದ್ರತೆಯ ತೇಪೆ 2019ರಲ್ಲೇ ನಿಂತಿತು.

ಹಾಕುವುದು

ಎನ್270ರ ನೆಟ್‌ಬುಕ್, 1 ಜಿಬಿ ರ‍್ಯಾಮ್, ಒಳಗೆ ವಿಂಡೋಸ್ ಎಕ್ಸ್‌ಪಿ. ಇದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಐಎಸ್‌ಒ ಇಳಿಸಿದ ಮೇಲೆ ಅದರ ಚೆಕ್‌ಸಮ್, ಅಂದರೆ ಫೈಲ್ ಪೂರ್ತಿ ಸರಿಯಾಗಿ ಬಂದಿದೆಯೇ ಅಂತ ತಿಳಿಸುವ ಅಂಕಿ-ಅಕ್ಷರದ ಸಾಲು, ತಾಳೆ ನೋಡಿ. ನಮ್ಮ ಕಡೆಯ ನೆಟ್‌ನಲ್ಲಿ ಡೌನ್‌ಲೋಡ್ ಅರ್ಧಕ್ಕೆ ಕಡಿದು ಮತ್ತೆ ಹತ್ತುವುದು ಮಾಮೂಲು, ಹಾಗಾದಾಗ ಫೈಲ್ ಕೆಟ್ಟಿರಬಹುದು. ಪೆನ್‌ಡ್ರೈವ್‌ಗೆ ಬರೆಯಲು ರೂಫಸ್ ಅಥವಾ ಎಚರ್ ಸಾಕು. ತೀರ ಹಳೆ ಪಪ್ಪಿಗಳ ಐಎಸ್‌ಒ ನೇರವಾಗಿ ಪೆನ್‌ಡ್ರೈವ್‌ಗೆ ಬರೆದರೆ ಏಳುವುದಿಲ್ಲ, ಅವನ್ನು ಸಿ.ಡಿ.ಗೇ ಬರೆಯಿರಿ. ಮಷಿನ್ ಆನ್ ಮಾಡುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಹೊಸ ಮಷಿನ್ ಆದರೆ ಸೆಕ್ಯೂರ್ ಬೂಟ್ ಆಫ್ ಮಾಡಿಕೊಳ್ಳಿ.

1 ಜಿಬಿ ರ‍್ಯಾಮ್‌ನಲ್ಲಿ ಇವತ್ತಿನ ಪಪ್ಪಿ ಪೂರ್ತಿ ರ‍್ಯಾಮ್‌ಗೆ ಬಂದು ಕೂತರೆ ಬ್ರೌಸರ್‌ಗೆ ಜಾಗ ಉಳಿಯುವುದಿಲ್ಲ. ಬೂಟ್ ಮೆನುವಿನಲ್ಲಿ ರ‍್ಯಾಮ್‌ಗೆ ನಕಲು ಮಾಡಬೇಡ ಅನ್ನುವ ಸಾಲು ಇದ್ದರೆ ಆರಿಸಿ. ಇಲ್ಲದಿದ್ದರೆ ಆ ಸಾಲಿನ ಕೊನೆಗೆ ‘ಪಿಫಿಕ್ಸ್=ನೋಕಾಪಿ’ (pfix=nocopy) ಅಂತ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಸೇರಿಸಿ. ಹೀಗೆ ಮಾಡಿದಾಗ ಪೆನ್‌ಡ್ರೈವ್ ಕೀಳಬಾರದು, ಸಿಸ್ಟಮ್ ಅದರಿಂದಲೇ ಓದುತ್ತಿರುತ್ತದೆ.

ಡೆಸ್ಕ್‌ಟಾಪ್ ಬಂದ ಕೂಡಲೇ ಕ್ವಿಕ್ ಸೆಟಪ್ ಎಂಬ ಪುಟ್ಟ ಕಿಟಕಿ ತೆರೆಯುತ್ತದೆ. ಟೈಮ್ ಝೋನ್ ಏಷ್ಯಾ/ಕೋಲ್ಕತಾ ಮಾಡಿ. ಆಮೇಲೆ ಇನ್‌ಸ್ಟಾಲ್‌ಗೆ ಓಡಬೇಡಿ. ವೈಫೈ ಹತ್ತುತ್ತದಾ, ಸೌಂಡ್ ಬರುತ್ತದಾ, ಟಚ್‌ಪ್ಯಾಡ್ ಸರಿ ಇದೆಯಾ, ಒಂದು ವಿಡಿಯೋ ಓಡುತ್ತದಾ ಅಂತ ನೋಡಿ. ಇಲ್ಲಿಯವರೆಗೆ ಹಾರ್ಡ್‌ಡಿಸ್ಕ್ ಮುಟ್ಟಿಲ್ಲ. ಹೊಂದದಿದ್ದರೆ ಪೆನ್‌ಡ್ರೈವ್ ಅಳಿಸಿ ಬೇರೆ ಆವೃತ್ತಿ ಹಾಕಿ ನೋಡಬಹುದು.

ಎಲ್ಲ ಸರಿ ಇದ್ದರೆ ಫ್ರುಗಲ್ ಇನ್‌ಸ್ಟಾಲ್ ಮಾಡಿ, ಫುಲ್ ಇನ್‌ಸ್ಟಾಲ್ ಬೇಡ. ಫುಲ್ ಮಾಡಿದರೆ ಬೇರೆ ಲಿನಕ್ಸ್‌ಗಳ ಹಾಗೆ ಫೈಲುಗಳೆಲ್ಲ ಡಿಸ್ಕ್‌ನಲ್ಲಿ ಬಿಡಿಬಿಡಿಯಾಗಿ ಹರಡುತ್ತವೆ, ಮೇಲೆ ಹೇಳಿದ ಹಾಳೆಯ ಅನುಕೂಲವೇ ಹೋಗುತ್ತದೆ. ಫ್ರುಗಲ್ ಅಂದರೆ ಹಾರ್ಡ್‌ಡಿಸ್ಕ್‌ನಲ್ಲಿ ಒಂದು ಫೋಲ್ಡರ್, ಅದರಲ್ಲಿ ಕರ್ನಲ್ ಫೈಲ್, ಇನಿಟ್‌ಆರ್‌ಡಿ ಫೈಲ್ ಮತ್ತು ಎಸ್‌ಎಫ್‌ಎಸ್ ಫೈಲುಗಳು, ಅಷ್ಟೇ. ಡಿಸ್ಕ್‌ನಲ್ಲಿ ಜಾಗವಿದ್ದರೆ ಜಿಪಾರ್ಟೆಡ್‌ನಿಂದ ಲಿನಕ್ಸ್ ಬಳಸುವ ಇಎಕ್ಸ್‌ಟಿ4 ಪಾರ್ಟಿಷನ್ ಒಂದು, 2 ಜಿಬಿಯ ಸ್ವಾಪ್ (ಮೆಮೊರಿ ಸಾಲದಾಗ ಬಳಕೆಯಾಗುವ ಡಿಸ್ಕ್ ಜಾಗ) ಒಂದು ಮಾಡಿಕೊಳ್ಳಿ. ಸ್ವಾಪ್ ಪಾರ್ಟಿಷನ್ ಕಂಡರೆ ಪಪ್ಪಿ ತಾನೇ ಬಳಸಿಕೊಳ್ಳುತ್ತದೆ. 1 ಜಿಬಿ ಮಷಿನ್‌ನಲ್ಲಿ ಸ್ವಾಪ್ ಇಲ್ಲದಿದ್ದರೆ ಬ್ರೌಸರ್‌ನ ನಾಲ್ಕನೇ ಟ್ಯಾಬ್‌ಗೆ ಎಲ್ಲ ಗಪ್ಪಂತ ನಿಲ್ಲುತ್ತದೆ. ಪಾರ್ಟಿಷನ್ ಮುಟ್ಟುವ ಮುಂಚೆ ಫೋಟೋ, ದಾಖಲೆ ಬೇರೆ ಡಿಸ್ಕ್‌ಗೆ ಹಾಕಿಕೊಳ್ಳುವುದನ್ನು ಮರೆಯಬೇಡಿ.

ಇತ್ತೀಚಿನ ಆವೃತ್ತಿಗಳಲ್ಲಿ ಫ್ರುಗಲ್‌ಪಪ್ ಎಂಬ ಇನ್‌ಸ್ಟಾಲರ್ ಈ ನಕಲು ಕೆಲಸ ಮಾಡಿಕೊಡುತ್ತದೆ. ಹಳೆಯದರಲ್ಲಿ ನೀವೇ ಫೋಲ್ಡರ್ ಮಾಡಿ ನಕಲು ಮಾಡಿದರೂ ಅದೇ ಫಲ. ಬೂಟ್ ಮೆನುವಿಗೆ, ಹಳೆ ಬಯೋಸ್ ಮಷಿನ್ ಆದರೆ, ಗ್ರಬ್‌ಫೋರ್‌ಡಾಸ್ ಓಡಿಸಿ. ಅದು ವಿಂಡೋಸನ್ನೂ ಹುಡುಕಿ ಪಟ್ಟಿಗೆ ಸೇರಿಸುತ್ತದೆ.

ಮೊದಲ ಸಲ ಶಟ್‌ಡೌನ್ ಮಾಡುವಾಗ ‘ಸೆಷನ್ ಉಳಿಸಲೇ?’ ಅಂತ ಕೇಳುತ್ತದೆ. ಇಎಕ್ಸ್‌ಟಿ4 ಪಾರ್ಟಿಷನ್ ಮೇಲಿದ್ದರೆ ಸೇವ್ ಫೋಲ್ಡರ್ ಆರಿಸಿ. ಅದಕ್ಕೆ ಅಳತೆಯ ಮಿತಿ ಇಲ್ಲ, ಪಾರ್ಟಿಷನ್ ತುಂಬುವವರೆಗೆ ಬೆಳೆಯುತ್ತದೆ. ವಿಂಡೋಸ್ ಪಾರ್ಟಿಷನ್‌ನಲ್ಲೇ ಹಾಕಿದ್ದರೆ ಸೇವ್ ಫೈಲೇ ಗತಿ. 1 ಜಿಬಿ ಕೊಡಿ. ಮಷಿನ್‌ನಲ್ಲಿ ವಿಂಡೋಸ್ 10 ಇದ್ದರೆ ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಅರೆನಿದ್ದೆಯಲ್ಲಿ ಬಿಟ್ಟ ಪಾರ್ಟಿಷನ್ ಮೇಲೆ ಪಪ್ಪಿಗೆ ಬರೆಯಲು ಆಗುವುದಿಲ್ಲ.

ಪಪ್ಪಿಯಲ್ಲಿ ನೀವು ಯಾವಾಗಲೂ ರೂಟ್, ಅಂದರೆ ಪೂರ್ತಿ ಅಧಿಕಾರ ಇರುವ ಬಳಕೆದಾರ. ಪಾಸ್‌ವರ್ಡ್ ಕೇಳುವುದಿಲ್ಲ. ಇದರ ಬಗ್ಗೆ ಬಹಳ ವಾದಗಳಿವೆ. ಹೊಸ ಆವೃತ್ತಿಗಳಲ್ಲಿ ಬ್ರೌಸರನ್ನು ‘ಸ್ಪಾಟ್’ ಎಂಬ ಅಧಿಕಾರ ಕಡಿಮೆ ಇರುವ ಬಳಕೆದಾರನಾಗಿ ಓಡಿಸುವ ಏರ್ಪಾಟು ಇದೆ, ಅದನ್ನೇ ಬಳಸಿ. ಹತ್ತು ಮಂದಿ ಕೂರುವ ಕಂಪ್ಯೂಟರಿಗೆ ಪಪ್ಪಿಯನ್ನು ನಾನು ಹಾಕಿಕೊಡುವುದಿಲ್ಲ.

ಕನ್ನಡ

ಬುಕ್‌ವರ್ಮ್‌ಪಪ್‌ನಲ್ಲಿ ಸಿನಾಪ್ಟಿಕ್ ತೆರೆದು ಗುಬ್ಬಿ, ನವಿಲು ಅಥವಾ ಲೋಹಿತ್ ಕನ್ನಡ ಫಾಂಟ್ ಹುಡುಕಿ ಹಾಕಿ. ಡೆಬಿಯನ್ನಿನ ಭಂಡಾರದಲ್ಲಿ ಮೂರೂ ಇವೆ. ಹಳೆ ಪಪ್ಪಿಗಳಲ್ಲಿ ಫಾಂಟ್ ಫೈಲನ್ನು ಫಾಂಟ್‌ಗಳ ಫೋಲ್ಡರ್‌ಗೆ ನಕಲು ಮಾಡಿ ಒಮ್ಮೆ ಡೆಸ್ಕ್‌ಟಾಪ್ ಮರುಶುರು ಮಾಡಿದರೆ ಸಾಮಾನ್ಯವಾಗಿ ಸಾಕು.

ಟೈಪಿಂಗ್‌ಗೆ ಬೇರೆ ಸಾಫ್ಟ್‌ವೇರ್ ಹುಡುಕುವ ಮುಂಚೆ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಇಂಡಿಯಾದ ಕೆಳಗೆ ನೋಡಿ. ಕನ್ನಡ ಇನ್‌ಸ್ಕ್ರಿಪ್ಟ್ ಇದೆ. ಅದರ ಜೊತೆಗೆ ಕಗಪ ಲೇಔಟ್ ಕೂಡ ಇದೆ. ನುಡಿಯಲ್ಲಿ ಟೈಪ್ ಮಾಡಿ ರೂಢಿಯಾದ ಕೈಗೆ ಹೊಸದಾಗಿ ಕಲಿಯಬೇಕಾದದ್ದು ಕಮ್ಮಿ. ಇದು ಲಿನಕ್ಸ್‌ನ ಎಕ್ಸ್ ಕೀಬೋರ್ಡ್ ಪಟ್ಟಿಯಲ್ಲೇ ಸೇರಿಹೋಗಿರುವುದರಿಂದ ಒಂದು ಎಂಬಿ ರ‍್ಯಾಮ್ ಕೂಡ ಹೆಚ್ಚಿಗೆ ತಿನ್ನುವುದಿಲ್ಲ. 1 ಜಿಬಿ ಮಷಿನ್‌ನಲ್ಲಿ ಅದು ಲೆಕ್ಕಕ್ಕೆ ಬರುವ ವಿಷಯ.

ಹಳೆ ನುಡಿ, ಬರಹದ ಯೂನಿಕೋಡ್ ಅಲ್ಲದ ಫೈಲುಗಳು ನಿಮ್ಮಲ್ಲಿದ್ದರೆ ಮೊದಲು ವಿಂಡೋಸ್‌ನಲ್ಲೇ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ.

ಕರೆಂಟ್ ಹೋದಾಗ

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೇಳಿಕೇಳಿ ಹೋಗುವುದಿಲ್ಲ. ಬ್ಯಾಟರಿ ಸತ್ತ ಹಳೆ ಲ್ಯಾಪ್‌ಟಾಪ್‌ಗೆ ಅದು ದೊಡ್ಡ ಹೊಡೆತ.

ಪೆನ್‌ಡ್ರೈವ್‌ನಿಂದ ಓಡಿಸುವವರು ಒಂದು ಗಮನಿಸಿ. ಅಲ್ಲಿ ನೀವು ಮಾಡಿದ್ದು ಮೊದಲು ರ‍್ಯಾಮ್‌ನಲ್ಲೇ ಇರುತ್ತದೆ. ಶಟ್‌ಡೌನ್ ಆಗುವಾಗ ಅಥವಾ ನಡುನಡುವೆ ಗೊತ್ತಾದ ಅವಧಿಗೊಮ್ಮೆ ಪೆನ್‌ಡ್ರೈವ್‌ಗೆ ಇಳಿಯುತ್ತದೆ. ಆ ಅವಧಿಯನ್ನು ಪಪ್ಪಿ ಈವೆಂಟ್ ಮ್ಯಾನೇಜರ್‌ನಲ್ಲಿ ಬದಲಿಸಬಹುದು. ತೀರ ಕಮ್ಮಿ ಮಾಡಿದರೆ ಪೆನ್‌ಡ್ರೈವ್ ಬೇಗ ಸವೆಯುತ್ತದೆ. ಅದಕ್ಕಿಂತ, ಮುಖ್ಯ ಕೆಲಸ ಮುಗಿದಾಗ ಡೆಸ್ಕ್‌ಟಾಪ್ ಮೇಲಿನ ಸೇವ್ ಗುಂಡಿ ಒತ್ತುವುದು ಒಳ್ಳೆಯ ಅಭ್ಯಾಸ. ಹಾರ್ಡ್‌ಡಿಸ್ಕ್‌ನಲ್ಲಿ ಹಾಕಿದ್ದರೆ ಸಾಮಾನ್ಯವಾಗಿ ಬದಲಾವಣೆಗಳು ನೇರವಾಗಿ ಡಿಸ್ಕ್‌ಗೇ ಹೋಗುತ್ತವೆ.

ಕರೆಂಟ್ ಹೋಗಿ ಬಂದ ಮೇಲೆ ಪಪ್ಪಿ ಏಳಲಿಲ್ಲ ಅನ್ನಿ. ಬೂಟ್ ಸಾಲಿನ ಕೊನೆಗೆ pfix=fsck, ಅಂದರೆ ‘ಪಿಫಿಕ್ಸ್=ಎಫ್‌ಎಸ್‌ಸಿಕೆ’ ಸೇರಿಸಿ ಎಂಟರ್ ಒತ್ತಿ. ಅದು ಸೇವ್ ಫೈಲನ್ನು ಪರೀಕ್ಷಿಸಿ ಸರಿಪಡಿಸಿ ಮುಂದೆ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ pfix=ram, ಅಂದರೆ ‘ಪಿಫಿಕ್ಸ್=ರ‍್ಯಾಮ್’ ಹಾಕಿ. ಈಗ ಸೇವ್ ಫೈಲ್ ಮುಟ್ಟದೆ ಹೊಚ್ಚಹೊಸ ಪಪ್ಪಿ ಏಳುತ್ತದೆ. ಡೆಸ್ಕ್‌ಟಾಪ್‌ನ ಕೆಳಗೆ ಸಾಲಾಗಿ ಡ್ರೈವ್‌ಗಳ ಚಿತ್ರಗಳಿರುತ್ತವೆ. ಸೇವ್ ಫೈಲ್ ಇರುವ ಡ್ರೈವ್ ಕ್ಲಿಕ್ ಮಾಡಿ, ಸೇವ್ ಫೈಲ್ ಮೇಲೂ ಕ್ಲಿಕ್ ಮಾಡಿ. ಅದು ಫೋಲ್ಡರ್‌ನಂತೆ ತೆರೆಯುತ್ತದೆ. ಒಳಗಿನ ದಾಖಲೆಗಳನ್ನು ಹೊರಗೆಳೆದುಕೊಳ್ಳಿ.

ನಿಮ್ಮ ಸ್ವಂತ ಫೈಲುಗಳನ್ನು ಸೇವ್ ಫೈಲ್ ಒಳಗೆ ಇಡಲೇಬೇಡಿ ಅನ್ನುವುದು ನನ್ನ ಖಡಾಖಂಡಿತ ಸಲಹೆ. ‘ಎಂಎನ್‌ಟಿ’ ಫೋಲ್ಡರ್ ಒಳಗೆ ‘ಹೋಮ್’ ಅಂತ ಒಂದಿದೆ. ಅದು ಪಪ್ಪಿ ಕೂತಿರುವ ನಿಜವಾದ ಪಾರ್ಟಿಷನ್. ಪತ್ರ, ಫೋಟೋ, ಲೆಕ್ಕ ಎಲ್ಲ ಅಲ್ಲೇ ಒಂದು ಫೋಲ್ಡರ್ ಮಾಡಿ ಇಡಿ. ಆಗ ಸೇವ್ ಫೈಲ್ ಕೆಟ್ಟರೂ ಹೋಗುವುದು ವಾಲ್‌ಪೇಪರ್, ವೈಫೈ ಪಾಸ್‌ವರ್ಡ್, ಹಾಕಿದ ಪ್ರೋಗ್ರಾಮುಗಳು ಮಾತ್ರ.

ಮುಂದಿನ ಆವೃತ್ತಿಗೆ ಹೋಗುವಾಗ

ಉಬುಂಟುವಿನ ಹಾಗೆ ‘ಅಪ್‌ಗ್ರೇಡ್’ ಗುಂಡಿ ಒತ್ತಿ ಬಯೋನಿಕ್‌ಪಪ್ಪನ್ನು ಬುಕ್‌ವರ್ಮ್‌ಪಪ್ ಮಾಡಲು ಆಗುವುದಿಲ್ಲ. ಎರಡರ ಬೇರೇ ಬೇರೆ. ಹಳೆಯ ಸೇವ್ ಫೈಲನ್ನು ಹೊಸದರ ಮೇಲೆ ಹೊದಿಸಿದರೆ ಉಬುಂಟುವಿನ ಲೈಬ್ರರಿಗಳು ಡೆಬಿಯನ್ನಿನ ಮೇಲೆ ಬಂದು ಕೂತು ಒಂದೊಂದೇ ಪ್ರೋಗ್ರಾಂ ಕೈಕೊಡುತ್ತದೆ.

ಅದರ ಬದಲು ಅದೇ ಪಾರ್ಟಿಷನ್‌ನಲ್ಲಿ ಇನ್ನೊಂದು ಫೋಲ್ಡರ್ ಮಾಡಿ ಹೊಸ ಪಪ್ಪಿಯನ್ನು ಪಕ್ಕದಲ್ಲೇ ಹಾಕಿ. ಬೂಟ್ ಮೆನುವಿನಲ್ಲಿ ಎರಡೂ ಇರಲಿ. ಹೊಸದು ಪ್ರಿಂಟರ್ ಹಿಡಿಯುತ್ತದಾ, ಸ್ಲೀಪ್‌ನಿಂದ ಸರಿಯಾಗಿ ಏಳುತ್ತದಾ ಅಂತ ಕೆಲವು ದಿನ ಬಳಸಿ ನೋಡಿ. ಬುಕ್‌ಮಾರ್ಕ್‌ಗಳನ್ನು ಬ್ರೌಸರ್‌ನಿಂದ ಫೈಲ್ ಮಾಡಿ ಒಯ್ಯಿರಿ. ನಿಮ್ಮ ದಾಖಲೆಗಳು ಪಾರ್ಟಿಷನ್ ಮೇಲೇ ಇರುವುದರಿಂದ ಎರಡೂ ಪಪ್ಪಿಗಳಿಗೆ ಕಾಣುತ್ತವೆ, ನಕಲು ಮಾಡುವ ಕೆಲಸವೇ ಇಲ್ಲ. ಮನಸ್ಸಿಗೆ ಒಪ್ಪಿತು ಅಂದಾಗ ಹಳೆ ಫೋಲ್ಡರ್ ಅಳಿಸಿ.

ಒಂದೇ ಸಾಲಿನೊಳಗೆ, ಉದಾಹರಣೆಗೆ ಬುಕ್‌ವರ್ಮ್‌ಪಪ್ 10.0ರಲ್ಲೇ ಮುಂದಿನ ಸಣ್ಣ ಬಿಡುಗಡೆಗೆ ಹೋಗುವಾಗ, ಹಳೆ ಸೇವ್ ಸಾಮಾನ್ಯವಾಗಿ ನಡೆಯುತ್ತದೆ. ಆದರೂ ಮೊದಲು ಅದರ ನಕಲು ತೆಗೆದಿಡಿ. ಪಪ್ಪಿ ಅದನ್ನು ಬಳಸುತ್ತಿರುವಾಗ ತೆಗೆದ ನಕಲು ನಂಬುವಂಥದ್ದಲ್ಲ. ‘ಪಿಫಿಕ್ಸ್=ರ‍್ಯಾಮ್’ ಹಾಕಿ ಬೂಟ್ ಮಾಡಿ, ಆಗ ನಕಲು ಮಾಡಿ, ಹೆಸರಿಗೆ ತಾರೀಖು ಸೇರಿಸಿ ಬೇರೆ ಪೆನ್‌ಡ್ರೈವ್‌ಗೆ ಹಾಕಿಡಿ. ಸೇವ್ ಫೋಲ್ಡರ್ ಆಗಿದ್ದರೆ ಆ ಪೆನ್‌ಡ್ರೈವ್ ಇಎಕ್ಸ್‌ಟಿ4 ಆಗಿರಬೇಕು, ಇಲ್ಲವೇ ಫೋಲ್ಡರನ್ನು ಟಾರ್ ಮಾಡಿ ಒಂದೇ ಫೈಲ್ ಆಗಿ ಇಡಿ. ಎಫ್‌ಎಟಿ32 ಪೆನ್‌ಡ್ರೈವ್‌ಗೆ ಬಿಡಿಯಾಗಿ ಎಳೆದು ಹಾಕಿದರೆ ಲಿನಕ್ಸ್‌ನ ಲಿಂಕ್‌ಗಳೂ ಅನುಮತಿಗಳೂ ಉಳಿಯುವುದಿಲ್ಲ.